ವೈದ್ಯರ ಕಣ್ಣಿಗೆ ಕವಿಯುವ ಪೊರೆ

ಕಲಘಟಗಿ ತಾಲೂಕಿನ ಹಳ್ಳಿಯೊಂದರಲ್ಲಿ ನಮಗೆ ಪರಿಚಿತರಾದ ತಾಯಿಯೊಬ್ಬರಿಗೆ ಕಳೆದ ಮುಂಗಾರಿನಲ್ಲಿ, ಕಳೆ ತೆಗೆಯುವ ದಿನಗಳಲ್ಲಿ, ಏದುಸಿರು ಆರಂಭವಾಯಿತು. ಬೆನ್ನಿನಲ್ಲಿಯೂ ದವಡೆಯಲ್ಲಿಯೂ ನೋವು, ಹೊಟ್ಟೆ ತೊಳಸುವಿಕೆ, ನಾಲ್ಕು ಹೆಜ್ಜೆ ನಡೆದರೆ ಸುಸ್ತು. ‘ಹೆಣ್ಮಕ್ಕಳಿಗೆ ಈ ವಯಸ್ಸಿನ್ಯಾಗ ಇದು ಇದ್ದದ್ದ’ ಎಂದರು ಮನೆಯವರು. ತೋರಿಸಲು ಹೋದಲ್ಲಿ ಕಿರಿಯ ವೈದ್ಯರು ‘ಮನ್ಯಾಗ ಏನರ ಚಿಂತಿ ಐತೇನ್ರಿ ಅಮ್ಮಾ?’ ಎಂದು ಕೇಳಿ, ಗ್ಯಾಸಿನ ಗುಳಿಗೆಯನ್ನೂ ನಿದ್ದೆಯ ಗುಳಿಗೆಯನ್ನೂ ಬರೆದುಕೊಟ್ಟರು. ಮೂರು ವಾರಗಳ ತರುವಾಯ ಹುಬ್ಬಳ್ಳಿಯಲ್ಲಿ ಇಸಿಜಿ ತೆಗೆದಾಗಲೇ ಹೃದಯಾಘಾತವಾಗಿ ಹೋಗಿದ್ದುದು ತಿಳಿದುಬಂದಿತು. ಆ ತಾಯಿ ಬದುಕಿದ್ದಾರೆ. ಆದರೆ ಹೊಲದ ಕೆಲಸ ಅವರಿಂದ ಇನ್ನು ಆಗದು. ಅದೇ ಊರಿನ ಗಂಡಸೊಬ್ಬರು ಎದೆ ಹಿಡಿದುಕೊಂಡು ಬಂದ ದಿನ ಮೊದಲು ಮಾಡಿದ್ದೇ ಇಸಿಜಿ.

ಆ ಕಿರಿಯ ವೈದ್ಯರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರು ನಮ್ಮ ಮನೆಗಳಿಂದಲೇ ಕಾಲೇಜಿಗೆ ಹೋದವರು. ‘ಹೆಣ್ಣಿನ ನೋವು ಮನಸ್ಸಿನದು, ಗಂಡಿನ ನೋವು ಮೈಯದು’ ಎಂಬ ಪಾಠವನ್ನು ಅವರು ಶರೀರಶಾಸ್ತ್ರದ ತರಗತಿಗಿಂತ ಮೊದಲೇ ನಮ್ಮ ಪಡಸಾಲೆಯಲ್ಲಿ ಕಲಿತಿರುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಲಿಂಗಸೂಕ್ಷ್ಮತೆ ಮೂಡಬೇಕೆಂಬ ಮಾತು ಆದಕಾರಣವೇ ಕೇವಲ ಕಾಲೇಜುಗಳಿಗೆ ಸಂಬಂಧಿಸಿದ್ದಲ್ಲ. ಭಕ್ತರಾದ ನಮ್ಮೆಲ್ಲರಿಗೂ ಸಂಬಂಧಿಸಿದ್ದೆಂದು ನಾವು ಭಾವಿಸುತ್ತೇವೆ.

ರೋಗಕ್ಕೆ ಹೆಣ್ಣು ಗಂಡೆಂಬ ಭೇದವುಂಟೇ ಎಂದು ಕೆಲವರು ಕೇಳಬಹುದು. ಉಂಟು, ಆದರೆ ನಾವು ಊಹಿಸಿದಂತೆ ಅಲ್ಲ. ಹೃದಯಾಘಾತದಲ್ಲಿ ಎದೆನೋವು ಇಬ್ಬರಿಗೂ ಸಾಮಾನ್ಯ. ಏದುಸಿರು, ವಾಕರಿಕೆ, ಬೆನ್ನು ಮತ್ತು ದವಡೆಯ ನೋವು, ಅತಿಯಾದ ಆಯಾಸ ಇವು ಮಹಿಳೆಯರಲ್ಲಿ ಹೆಚ್ಚಾಗಿ ಕಾಣಿಸುತ್ತವೆ. ಇದನ್ನು ಅರಿತಿರುವುದು ವಿದ್ಯೆ. ‘ಹೆಣ್ಣಾದ್ದರಿಂದ ಚಿಂತೆಯೇ ಇರಬೇಕು’ ಎನ್ನುವುದು ಪೂರ್ವಗ್ರಹ. ಈ ಪೂರ್ವಗ್ರಹಕ್ಕೆ ವೈದ್ಯಶಾಸ್ತ್ರವೂ ಹೊರತಾಗಿರಲಿಲ್ಲ. ಅಮೆರಿಕದಲ್ಲಿ 1977ರಿಂದ 1993ರವರೆಗೆ ಹೊಸ ಔಷಧಗಳ ಆರಂಭಿಕ ಪರೀಕ್ಷೆಗಳಿಂದ ಗರ್ಭಧಾರಣೆ ಸಾಧ್ಯವಿರುವ ವಯಸ್ಸಿನ ಮಹಿಳೆಯರನ್ನು ಹೊರಗಿಡಬೇಕೆಂಬ ಸೂಚನೆಯೇ ಇತ್ತು. ಗಂಡಿನ ದೇಹವನ್ನೇ ಮಾದರಿಯೆಂದು ಬಗೆದ ಕಾಲವದು.

ನಮ್ಮ ನಾಡಿನ ಅಂಕಿಗಳೂ ಇದನ್ನೇ ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ಅದೇ ವಯಸ್ಸಿನ ವಿವಾಹಿತ ಮಹಿಳೆಯರ ಪೈಕಿ, ಸಂತಾನ ನಿಯಂತ್ರಣಕ್ಕಾಗಿ ಹೆಣ್ಣಿನ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ. 37.9 ಆದರೆ ಗಂಡಿನ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಕೇವಲ ಶೇ. 0.3. ಗಂಡಸಿನ ಶಸ್ತ್ರಚಿಕಿತ್ಸೆಯೇ ಸರಳವಾದದ್ದು, ಅಂದೇ ಮನೆಗೆ ಮರಳಬಹುದಾದದ್ದು ಎಂಬುದನ್ನು ಪ್ರತಿ ವೈದ್ಯ ವಿದ್ಯಾರ್ಥಿಯೂ ಓದಿರುತ್ತಾನೆ. ಆದರೂ ಸಲಹೆ ನೀಡುವ ಸಂದರ್ಭದಲ್ಲಿ ಆ ಮಾತು ಬಾಯಿಗೆ ಬರುವುದಿಲ್ಲ. ಮಕ್ಕಳಾಗದ ದಂಪತಿಗಳ ವಿಷಯವೂ ಹೀಗೆಯೇ. ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಾರಣವೂ ಸೇರಿರುತ್ತದೆ, ವೀರ್ಯಪರೀಕ್ಷೆ ಸುಲಭವಾದದ್ದು. ಆದರೆ ವರ್ಷಗಟ್ಟಲೆ ಆಸ್ಪತ್ರೆ ಸುತ್ತುವವಳು ಸೊಸೆಯೊಬ್ಬಳೇ.

ಗಂಡಸರಿಗೂ ಈ ಪೊರೆಯಿಂದ ಹಾನಿಯೇ. ‘ಗಂಡಸು ಅಳಬಾರದು’ ಎಂದು ಬೆಳೆದ ರೈತನು ಸಾಲ, ಬರ, ಬೆಳೆನಷ್ಟಗಳಿಂದ ಕುಗ್ಗಿದಾಗ ತಲೆನೋವು, ನಿದ್ರಾಹೀನತೆ ಎಂದಷ್ಟೇ ಹೇಳಿಕೊಳ್ಳುತ್ತಾನೆ. ಅವನ ಎದುರಿನ ವೈದ್ಯನೂ ಅದೇ ಮಾತಿನಲ್ಲಿ ಬೆಳೆದವನಾದರೆ, ಖಿನ್ನತೆಯನ್ನು ಕುರಿತು ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಹೆಣ್ಣಿಗೆ ಇಲ್ಲದ ಚಿಂತೆಯನ್ನು ಆರೋಪಿಸುವ ಕಣ್ಣೇ ಗಂಡಿಗೆ ಇರುವ ಚಿಂತೆಯನ್ನು ಕಾಣದೆ ಹೋಗುತ್ತದೆ. ಇನ್ನು ಸವದತ್ತಿ ಎಲ್ಲಮ್ಮನ ಜೋಗಪ್ಪಂದಿರಂಥವರು ಯಾವ ಸಾಲಿನಲ್ಲಿ ನಿಲ್ಲಬೇಕೆಂದು ತಿಳಿಯದೆ ಆಸ್ಪತ್ರೆಯ ಬಾಗಿಲಿನಿಂದಲೇ ಮರಳುವುದುಂಟು. ಅವರ ಜ್ವರವೂ ಜ್ವರವೇ ಅಲ್ಲವೇ?

ಪರಿವರ್ತನೆ ಆರಂಭವಾಗಿದೆ ಎಂಬುದು ಸಮಾಧಾನದ ಸಂಗತಿ. 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡತೆ, ನೀತಿ ಹಾಗೂ ರೋಗಿಯೊಡನೆ ಮಾತನಾಡುವ ಬಗೆಯ ಬೋಧನೆಗೆ ಸ್ಥಾನ ದೊರೆತಿದೆ. ಅತ್ಯಾಚಾರಕ್ಕೆ ಒಳಗಾದ ಮಹಿಳೆಯ ಮೇಲೆ ನಡೆಸುತ್ತಿದ್ದ ಅವೈಜ್ಞಾನಿಕವಾದ ‘ಎರಡು ಬೆರಳಿನ ಪರೀಕ್ಷೆ’ಯನ್ನು 2022ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಖಂಡಿಸಿ, ಪಠ್ಯದಿಂದಲೂ ಕೈಬಿಡುವಂತೆ ನಿರ್ದೇಶಿಸಿತು. ಆದರೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಮಾರ್ಗಸೂಚಿಯೊಳಗೆ ಕನ್ಯತ್ವದಂಥ ಹಳೆಯ ಪರಿಕಲ್ಪನೆಗಳು ಮರಳಿ ನುಸುಳಿದವು. ತೀವ್ರ ಆಕ್ಷೇಪದ ಬಳಿಕ ಅದನ್ನು ಹಿಂಪಡೆದು ತಿದ್ದಲಾಯಿತು. ಪುಸ್ತಕದಲ್ಲಿಯೇ ಪೊರೆ ಇಷ್ಟು ದಪ್ಪವಾಗಿದ್ದರೆ ಮನಸ್ಸಿನಲ್ಲಿರುವುದನ್ನು ತೆಗೆಯಲು ಎಷ್ಟು ಕಾಲ ಬೇಕು?

ಇಂದು ವೈದ್ಯಕೀಯ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯಾರ್ಥಿನಿಯರಿದ್ದಾರೆ. 1886ರಲ್ಲಿ ಆನಂದಿಬಾಯಿ ಜೋಶಿಯವರು ಅಮೆರಿಕಕ್ಕೆ ಹೋಗಿ ವೈದ್ಯ ಪದವಿ ಪಡೆಯಬೇಕಾಗಿದ್ದ ಕಾಲದಿಂದ ಇಲ್ಲಿಯವರೆಗೆ ಬಂದದ್ದು ಸಣ್ಣ ದಾರಿಯಲ್ಲ. ಆದರೂ ವಾರ್ಡಿನಲ್ಲಿ ಕೊರಳಿಗೆ ಸ್ಟೆತೊಸ್ಕೋಪ್ ಹಾಕಿಕೊಂಡು ನಿಂತ ಯುವತಿಯನ್ನೇ ನಮ್ಮವರು ‘ಸಿಸ್ಟರ್, ಡಾಕ್ಟರು ಯಾವಾಗ ಬರತಾರ್ರೀ?’ ಎಂದು ಕೇಳುತ್ತಾರೆ. ಪಕ್ಕದಲ್ಲಿರುವ ವಿದ್ಯಾರ್ಥಿ ಮೊದಲ ವರ್ಷದವನಾದರೂ ಅವನಿಗೆ ‘ಡಾಕ್ಟ್ರೇ’ ಎಂಬ ಮರ್ಯಾದೆ. ‘ಹೆಣ್ಣಿಗೆ ಹೆರಿಗೆ ವಿಭಾಗವೇ ಸಾಕು, ಮೂಳೆಯ ಶಸ್ತ್ರಚಿಕಿತ್ಸೆ ಏಕೆ’ ಎಂದು ಬುದ್ಧಿ ಹೇಳುವ ಹಿರಿಯರೂ ನಮ್ಮಲ್ಲಿಯೇ ಇದ್ದಾರೆ. ಸಂಕೋಚದಿಂದ ಮಹಿಳಾ ವೈದ್ಯರನ್ನು ಬಯಸುವುದು ತಪ್ಪಲ್ಲ. ಆದರೆ ಅವರನ್ನು ಸಂಕೋಚದ ರೋಗಗಳಿಗಷ್ಟೇ ಸೀಮಿತಗೊಳಿಸುವುದು ತಪ್ಪು.

ಗಂಡಿಗೂ ಹೆಣ್ಣಿಗೂ ಒಂದೇ ಇಷ್ಟಲಿಂಗವನ್ನು ಕರುಣಿಸಿದ ಶರಣರ ಪರಂಪರೆ ನಮ್ಮದು. ಅಕ್ಕಮಹಾದೇವಿಯವರ ಮಾತನ್ನು ಅನುಭವ ಮಂಟಪ ಕಿವಿಗೊಟ್ಟು ಕೇಳಿತೆಂದು ಅಭಿಮಾನದಿಂದ ಹೇಳಿಕೊಳ್ಳುವ ನಾವು, ಮನೆಯ ತಾಯಿಯು ‘ಉಸಿರು ಕಟ್ಟತೈತಿ’ ಎಂದಾಗ ಕಿವಿಗೊಡುತ್ತೇವೆಯೇ?

ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ವೈದ್ಯರ ಮುಂದೆ ರೋಗಿಯಾದ ಹೆಣ್ಣುಮಗಳೇ ಮಾತನಾಡಲಿ. ಗಂಡನಾಗಲಿ ಅತ್ತೆಯಾಗಲಿ ಅವಳ ಪರವಾಗಿ ಉತ್ತರಿಸದಿರಲಿ. ಏದುಸಿರು, ದವಡೆನೋವು, ತಣ್ಣನೆಯ ಬೆವರು ಕಂಡರೆ ‘ಇಸಿಜಿ ಬೇಕೇ?’ ಎಂದು ಧೈರ್ಯದಿಂದ ಕೇಳಿರಿ, ಕೇಳುವುದು ಅವಿನಯವಲ್ಲ. ಮಕ್ಕಳಾಗದಿದ್ದಲ್ಲಿ ದಂಪತಿಗಳಿಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗಿರಿ. ಗ್ರಾಮೀಣ ಸೇವೆಗೆಂದು ನಮ್ಮ ತಾಲೂಕಿಗೆ ಬರುವ ಯುವ ವೈದ್ಯೆಯನ್ನು ‘ಡಾಕ್ಟ್ರೇ’ ಎಂದೇ ಕರೆಯಿರಿ. ವೈದ್ಯಕೀಯ ಓದುತ್ತಿರುವ ಮಕ್ಕಳು ರಜೆಗೆ ಮನೆಗೆ ಬಂದಾಗ, ಅವರ ಅವ್ವನ ಮೊಣಕಾಲು ನೋವನ್ನು ಒಮ್ಮೆ ಪೂರ್ತಿ ಕೇಳಿಸಿಕೊಳ್ಳಲು ಹೇಳಿರಿ. ಕಾಲೇಜಿನ ಯಾವ ಗುರುವೂ ಕಲಿಸದ ಪಾಠ ಅಲ್ಲಿ ದೊರೆಯುತ್ತದೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದದ್ದು. ಅದರಲ್ಲಿ ಮಲಗಿದ ಕೂಸು ಅತ್ತರೆ ಹೆಣ್ಣೋ ಗಂಡೋ ಎಂದು ವಿಚಾರಿಸದೆ ಓಡಿ ಬರುತ್ತೇವೆ. ಆ ಕೂಸು ಬೆಳೆದು ‘ನೋವು’ ಎಂದಾಗಲೂ ಹಾಗೆಯೇ ಓಡಿ ಬರುವ ವೈದ್ಯರನ್ನು ಬೆಳೆಸುವ ಹೊಣೆ ನಮ್ಮ ಮೇಲಿದೆ.