ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಪಾಸಿರ್ ಪಂಜಾಂಗ್ ಸಗಟು ಮಾರುಕಟ್ಟೆಯನ್ನು ನಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಅಲ್ಲಿಗೆ ಬರುವ ಈರುಳ್ಳಿಗಳಲ್ಲಿ ಚಿಕ್ಕದಾಗಿ, ಚಪ್ಪಟೆಯಾಗಿ, ಕಡು ಗುಲಾಬಿ ಬಣ್ಣದ ಜಾತಿಯೊಂದಿದೆ. ಅದು ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಬೆಳೆ. ಹೆಸರು ಬೆಂಗಳೂರು ರೋಸ್. ವಿಚಿತ್ರವೆಂದರೆ ಬೆಂಗಳೂರಿನ ಅಡಿಗೆಮನೆಗಳಲ್ಲಿ ಅದನ್ನು ಕೇಳುವವರು ಕಡಿಮೆ. ರೈತರು ಅದನ್ನು ಬೆಳೆಯುವುದೇ ಸಿಂಗಪುರ, ಮಲೇಷ್ಯಾ, ಇಂಡೋನೇಷ್ಯಾದಂಥ ದೇಶಗಳಿಗಾಗಿ.

2005ರ ಜೂನ್ 29ರಂದು ಭಾರತ-ಸಿಂಗಪುರ 'ಸೀಕಾ' ಒಪ್ಪಂದಕ್ಕೆ ಸಹಿಯಾದಾಗ ನಾವೆಲ್ಲ ಸಂತೋಷಪಟ್ಟೆವು. ಈರುಳ್ಳಿ ರೈತನಿಗೆ ಅದರಿಂದ ದಕ್ಕಿದ್ದೇನು? ಸಿಂಗಪುರವು ಈರುಳ್ಳಿಗೆ ಮೊದಲೂ ಸುಂಕ ಹಾಕುತ್ತಿರಲಿಲ್ಲ. ತಿನ್ನುವುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ಊರು ಸುಂಕ ಹಾಕಿ ಬದುಕೀತೇ? ಇಲ್ಲಿಯ ಬಾಗಿಲು ತೆರೆದೇ ಇತ್ತು. ಪದೇ ಪದೇ ಮುಚ್ಚಿಕೊಂಡದ್ದು ಅಲ್ಲಿಯ ಬಾಗಿಲು.

ಲೆಕ್ಕ ನೋಡಿ. 2019ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. ಒಂದು ತಿಂಗಳ ಮೇಲೆ ಬೆಂಗಳೂರು ರೋಸ್‌ಗೆ ಮಾತ್ರ 9,000 ಟನ್ನಿನ ಅನುಮತಿ ಕೊಟ್ಟಿತು. 2020ರ ಸೆಪ್ಟೆಂಬರ್ 14ಕ್ಕೆ ಮತ್ತೆ ನಿಷೇಧ, ಅಕ್ಟೋಬರ್‌ನಲ್ಲಿ 10,000 ಟನ್ನಿಗೆ ಅನುಮತಿ, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಡಿಸೆಂಬರ್‌ನಲ್ಲಿ ಮೂರನೆಯ ಸಲ. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ, ಶೇಕಡಾ 40ರ ರಫ್ತು ಸುಂಕದೊಡನೆ. ರೋಸ್‌ಗೆ ಸುಂಕದ ವಿನಾಯಿತಿ ಸಿಕ್ಕಿದ್ದು ಆ ತಿಂಗಳ ಕೊನೆಗೆ. ಈರುಳ್ಳಿಯೇನು ಬಂಗಾರವೇ, ಅಪ್ಪಣೆ ಬರುವತನಕ ಪೆಟ್ಟಿಗೆಯಲ್ಲಿಟ್ಟು ಕಾಯಲು?

ದೇಶದ ಬಡವರಿಗೆ ಅಗ್ಗದ ಈರುಳ್ಳಿ ಬೇಡವೇ ಎಂದು ಕೆಲವು ಮಿತ್ರರು ಕೇಳುತ್ತಾರೆ. ಖಂಡಿತ ಬೇಕು. ಆದರೆ ದೆಹಲಿಯಲ್ಲಿ ಬೆಲೆ ಏರಿಸುವುದು ಮಹಾರಾಷ್ಟ್ರದ ದೊಡ್ಡ ಈರುಳ್ಳಿಯ ಅಭಾವ. ಚಿಕ್ಕಬಳ್ಳಾಪುರದ ರೋಸ್ ತಡೆದರೆ ಅದು ನೀಗೀತೇ? ಔಷಧಿ ಬರೆಯುವ ಮುನ್ನ ರೋಗಿ ಯಾರೆಂದು ನೋಡು ಎಂಬುದು ವೈದ್ಯರಾದ ನಾವು ಕಲಿತ ಮೊದಲ ಪಾಠ. ಇಲ್ಲಿ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮನಸ್ಸಿದ್ದರೆ ಮಾರ್ಗವಿದೆ. 2023ರ ಜುಲೈನಲ್ಲಿ ಬಿಳಿ ಅಕ್ಕಿಯ ರಫ್ತು ನಿಂತಾಗ, ನಮ್ಮಲ್ಲಿ ಎಷ್ಟು ಜನ ಸೋನಾ ಮಸೂರಿ ಮೂಟೆಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದೆವು! ಆಗಸ್ಟ್ ಮುಗಿಯುವುದರೊಳಗೆ ಸಿಂಗಪುರಕ್ಕೆ 50,000 ಟನ್ನಿನ ವಿಶೇಷ ಅನುಮತಿ ಬಂತು. ಉಣ್ಣುವ ನಮಗಾಗಿ ಎರಡು ಸರ್ಕಾರಗಳು ಮಾತಾಡಿಕೊಂಡವು. ಬೆಳೆಯುವವನಿಗಾಗಿ ಯಾರು ಮಾತಾಡಬೇಕು?

ಅಭಾವ ಕಾಲದಲ್ಲಿ ತಾತ್ಕಾಲಿಕ ರಫ್ತು ನಿಷೇಧಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳಲ್ಲೇ ಅವಕಾಶವಿದೆ. ಆದ್ದರಿಂದ ಆಮದು ಸುಂಕ ಇಳಿಸುವ ಮಾತಷ್ಟೇ ಸಾಲದು. 2009ರ ಆಸಿಯಾನ್-ಭಾರತ ಸರಕು ಒಪ್ಪಂದವನ್ನು ಮರುಪರಿಶೀಲಿಸಲು 2023ರಲ್ಲಿ ಎರಡೂ ಕಡೆಯವರು ಒಪ್ಪಿದರು. ಇಂಥ ಪರಿಶೀಲನೆಗಳಲ್ಲಿ ಮೂರು ಮಾತು ಸೇರಬೇಕೆಂಬುದು ನಮ್ಮ ಒತ್ತಾಯ. ಒಂದು, ರಫ್ತಿಗೆಂದೇ ಬೆಳೆದ ತಳಿಯನ್ನು ಸಾಮಾನ್ಯ ನಿಷೇಧದಿಂದ ಹೊರಗಿಡಬೇಕು. ಎರಡು, ನಿಷೇಧ ತರುವುದಾದರೆ ಬಿತ್ತನೆಗೆ ಮುಂಚೆಯೇ ತಿಳಿಸಬೇಕು. ಮೂರು, ಆಗಲೇ ಮುಂಗಡ ಪಡೆದ ಸರಕನ್ನು ಬಂದರಿನಲ್ಲಿ ತಡೆಯಬಾರದು.

ಗಿರಾಕಿ ಕಾಯುತ್ತ ಕೂರುವುದಿಲ್ಲ. ನಮ್ಮ ಸರಕು ಬಾರದಿದ್ದರೆ ಪಾಸಿರ್ ಪಂಜಾಂಗಿನ ವರ್ತಕರು ಚೀನಾದಿಂದಲೋ ಪಾಕಿಸ್ತಾನದಿಂದಲೋ ತರಿಸುತ್ತಾರೆ. ನಮ್ಮ ಸಾರಿಗೇನೂ ಕೊರತೆಯಾಗದು. ಕೊರತೆಯಾಗುವುದು ಕೋಲಾರದ ಹೊಲದಲ್ಲಿ. ರಾಜ್ಯೋತ್ಸವದಂದು ಕನ್ನಡ ನಾಡಿಗೆ ಜೈ ಎನ್ನುವ ನಾವು ಆ ನಾಡಿನ ರೈತನ ಪರವಾಗಿ ಒಂದು ಮನವಿಪತ್ರವನ್ನಾದರೂ ಬರೆಯಬಾರದೇ? ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಸಹಿ ಹಾಕಲು ನಾವು ಸಿದ್ಧ. ನೀವು?