ಜೋಕು ನಮ್ದು, ಲೋಗೋ ಅವ್ರದ್ದು

ಮೀಮ್ ಅಂದ್ರೆ ಐದು ನಿಮಿಷದ ಕೆಲಸ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಬಗ್ಗೆ ಒಂದು ಚಿತ್ರ ಬರೆದು, ಎರಡೇ ಸಾಲು ಕೂರಿಸೋಕೆ ನನಗೆ ಒಂದು ಭಾನುವಾರ ಪೂರ್ತಿ ಹಿಡೀತು. ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕಿದ್ದೆ. ಮಂಗಳವಾರ ಅದು ಒಂದು ದೊಡ್ಡ ಟ್ರೋಲ್ ಪೇಜಿನಲ್ಲಿತ್ತು. ಹೆಸರಿದ್ದ ಮೂಲೆ ಕಟ್, ನಟ್ಟನಡುವೆ ಅವರ ಲೋಗೋ, ಕೆಳಗೆ ಜ್ಯೂಸ್ ಅಂಗಡಿಯ ಜಾಹೀರಾತು ಬೇರೆ! ಕೇಳಿದ್ದಕ್ಕೆ, "ಬ್ರೋ, ಇಂಟರ್ನೆಟ್ಟಲ್ಲಿ ಸಿಕ್ತು" ಅಂದ್ರು. ರಸ್ತೆ ಬದಿ ನಿಂತಿರೋ ಬೈಕೂ ಸಿಗುತ್ತೆ, ತಗೊಂಡು ಹೋಗ್ತೀವಾ?

"ಮೀಮ್‌ನವರು ಸಿನಿಮಾದವರ ಫೋಟೋ ಎತ್ತಲ್ವಾ?" ಅಂತ ಗೆಳೆಯ ಕಾಲೆಳೆದ. ಅಲ್ಲಿ ಹಕ್ಕಿನ ಲೆಕ್ಕ ಸ್ವಲ್ಪ ಗೋಜಲೇ. ಆದರೆ ಫೋಟೋದಲ್ಲಿರೋ ನಟ ಯಾರು ಅಂತ ನೋಡುವವರಿಗೆಲ್ಲ ಗೊತ್ತು. ಸಾಲು ಬರೆದವರು ಗೊತ್ತಾಗೋದು ಆ ಮೂಲೆಯ ಹೆಸರಿನಿಂದ ಮಾತ್ರ.

ಕಾನೂನು ಇಲ್ಲ ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿದ ಮೇಲೂ "ಇದು ನನ್ನದು" ಅನ್ನೋ ಅಧಿಕಾರ ಬರೆದವರಿಗೇ ಇರುತ್ತೆ. ನೋಂದಣಿಯೂ ಕಡ್ಡಾಯವಲ್ಲ. ಆದರೆ ಒಂದು ಜೋಕಿಗಾಗಿ ಕೋರ್ಟ್ ಮೆಟ್ಟಿಲು ಹತ್ತೋರು ಯಾರು? ಫೋಟೋದೊಳಗೆ ಮಾಹಿತಿ ಅಡಗಿಸಿಟ್ರೆ, ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸೋವಾಗ ಅದೂ ಅಳಿಸಿಹೋಗುತ್ತೆ.

ಹಾಗಾಗಿ ಈಗ ಮೂಲ ಫೈಲುಗಳನ್ನ ತಾರೀಖಿನ ಸಮೇತ ಜೋಪಾನ ಮಾಡ್ತೀನಿ. ಹೆಸರನ್ನ ಮೂಲೆಯಲ್ಲಿ ಬರೆಯೋದು ಬಿಟ್ಟು, ಚಿತ್ರದ ಬಸ್ಸಿನ ಬೋರ್ಡಿನ ಮೇಲೇ ಬರೀತೀನಿ. ಕತ್ತರಿಸಿದ್ರೆ ಬಸ್ಸೇ ಇರಲ್ಲ. ಮೊನ್ನೆ ಯಾರೋ ಅದರ ಮೇಲೂ ನಗೋ ಇಮೋಜಿ ಅಂಟಿಸಿದ್ದಾರೆ.