ಕ್ಯಾಮೆರಾಕ್ಕಿಂತ ಮೊದಲು ಬೆಳಕು

ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನು ಮದುವೆ ಮಂಟಪಗಳಲ್ಲಿ ಫೋಟೋ ಬೂತ್ ಇಡುವ ಉದ್ಯೋಗವನ್ನು ಕೈಗೊಳ್ಳಬೇಕೆಂದಿದ್ದಾನೆ. ಎರಡು ಲಕ್ಷ ರೂಪಾಯಿಯ ಕ್ಯಾಮೆರಾವೇ ಬೇಕೆಂದು ಹಟ ಹಿಡಿದಿದ್ದಾನೆ. ಅದಕ್ಕಾಗಿ ತಾಯಿಯ ಬಳೆಗಳನ್ನು ಅಡವಿಡಬಹುದೇ ಎಂಬುದು ಅವರ ಪ್ರಶ್ನೆ. ಉತ್ತರಿಸುವ ಮುನ್ನ, ಈ ಉದ್ಯೋಗದಲ್ಲಿ ಹಣವು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವುದು ಲೇಸು.

ಸೈಬೀರಿಯಾದಿಂದ ಅಮೆರಿಕೆಗೆ ವಲಸೆ ಬಂದ ಅನಾಟೊಲ್ ಜೊಸೆಫೊ ಎಂಬಾತನು 1925ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ‘ಫೋಟೊಮ್ಯಾಟನ್’ ಯಂತ್ರವನ್ನು ಸ್ಥಾಪಿಸಿದನು. 25 ಸೆಂಟುಗಳಿಗೆ, ಸುಮಾರು 8 ನಿಮಿಷಗಳಲ್ಲಿ, 8 ಚಿತ್ರಗಳ ಪಟ್ಟಿಯು ಗಿರಾಕಿಯ ಕೈಸೇರುತ್ತಿತ್ತು. 1927ರಲ್ಲಿ ಅದರ ಹಕ್ಕು 10 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಜನರನ್ನು ಸೆಳೆದುದು ಯಂತ್ರದೊಳಗಿನ ಮಸೂರದ ಬೆಲೆಯಲ್ಲ. ನಿಂತಲ್ಲಿಯೇ ಕೈಗೆ ಬರುವ ಚಿತ್ರ. ಇಂದಿಗೂ ಈ ಮಾತು ಸುಳ್ಳಾಗಿಲ್ಲ.

ಬೂತಿನಲ್ಲಿ ಸಾಮಾನ್ಯವಾಗಿ ಮುದ್ರಿಸುವುದು 4×6 ಅಂಗುಲದ ಚಿತ್ರವನ್ನು. ಅಂಗುಲಕ್ಕೆ 300 ಬಿಂದುಗಳಂತೆ ಲೆಕ್ಕ ಹಾಕಿದರೆ ಅದಕ್ಕೆ ಬೇಕಾಗುವುದು ಸುಮಾರು 22 ಲಕ್ಷ ಬಿಂದುಗಳು. ಸಾಧಾರಣ ಬೆಲೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದರ ಹತ್ತು ಪಟ್ಟಿಗಿಂತಲೂ ಹೆಚ್ಚನ್ನು ಕೊಡುತ್ತದೆ. ಅದಕ್ಕೂ ಮಿಗಿಲಾದುದು ಈ ಕೆಲಸಕ್ಕೆ ವ್ಯರ್ಥ.

ಹಾಗಾದರೆ ನೋಡಬೇಕಾದುದೇನು? ಕ್ಯಾಮೆರಾವು ಕೇಬಲಿನ ಮೂಲಕ ಕಂಪ್ಯೂಟರಿನ ಆಜ್ಞೆಯನ್ನು ಪಾಲಿಸಬೇಕು. ಬ್ಯಾಟರಿಯ ಬದಲು ನೇರವಾಗಿ ವಿದ್ಯುತ್ತಿನಿಂದ ನಡೆಯುವ ಅನುಕೂಲವಿರಬೇಕು. ಜೊತೆಯಲ್ಲಿ ಬರುವ 18–55 ಮಿಲಿಮೀಟರ್ ಮಸೂರವೇ ಸಾಕು. ಇಕ್ಕಟ್ಟಿನ ಜಾಗದಲ್ಲಿ ಐದಾರು ಜನರ ಗುಂಪನ್ನು ಅದು ಹಿಡಿಯಬಲ್ಲದು. ಷಟರಿಗೂ ಆಯುಷ್ಯವುಂಟು. ಅದು ಒಂದು ಲಕ್ಷ ಚಿತ್ರಗಳೆಂದು ಇಟ್ಟುಕೊಂಡರೆ, ಒಂದು ಸಮಾರಂಭದಲ್ಲಿ 400 ಚಿತ್ರಗಳಂತೆ, 250 ಸಮಾರಂಭಗಳಿಗೆ ಸವೆಯುತ್ತದೆ. ಸವೆಯುವ ವಸ್ತುವಿಗೆ ಸಾಲ ಮಾಡಿ ಎರಡು ಲಕ್ಷ ಸುರಿಯುವುದು ಜಾಣತನವಲ್ಲ.

ಉಳಿಸಿದ ಹಣವನ್ನು ಮೊದಲು ಬೆಳಕಿಗೆ ವ್ಯಯಿಸಬೇಕು. ಮಂಟಪದ ದೀಪಗಳು ಬಣ್ಣಬಣ್ಣದವು. ಅವನ್ನು ನಂಬಿದರೆ ಮುಖಗಳು ಕಂದುತ್ತವೆ. ಮೃದುವಾದ ಬೆಳಕು ಚೆಲ್ಲುವ ಸಾಫ್ಟ್‌ಬಾಕ್ಸ್ ಸಹಿತವಾದ ಫ್ಲ್ಯಾಶ್ ಇರಿಸಿ, ಎಫ್/8 ರಂಧ್ರ ಹಾಗೂ ಸೆಕೆಂಡಿನ 125ನೆಯ ಒಂದು ಭಾಗದ ವೇಗವನ್ನು ಸ್ಥಿರಗೊಳಿಸಿದರೆ, ಮುಂದಿನ ಸಾಲೂ ಹಿಂದಿನ ಸಾಲೂ ಸ್ಪಷ್ಟವಾಗಿ ಬರುತ್ತವೆ.

ಅನಂತರದ್ದು ಪ್ರಿಂಟರ್. ಡೈ–ಸಬ್ಲಿಮೇಷನ್ ವಿಧಾನದ ಯಂತ್ರವು ಹತ್ತು ಹದಿನೈದು ಸೆಕೆಂಡುಗಳಲ್ಲಿ, ಒರೆಸಿದರೂ ಅಳಿಯದ ಒಣ ಚಿತ್ರವನ್ನು ಕೊಡುತ್ತದೆ. ಕಾಗದದ ಸುರುಳಿಗೂ ರಿಬ್ಬನ್ನಿಗೂ ಚಿತ್ರಗಳ ಸಂಖ್ಯೆ ನಿಗದಿಯಾಗಿರುವುದರಿಂದ ಒಂದೊಂದು ಚಿತ್ರದ ಖರ್ಚು ಮೊದಲೇ ತಿಳಿಯುತ್ತದೆ. ದರ ಹೇಳುವವನಿಗೆ ಇದಕ್ಕಿಂತ ದೊಡ್ಡ ಆಧಾರ ಬೇರಿಲ್ಲ. ಕ್ಯಾಮೆರಾ ಕೆಟ್ಟರೆ ಬಾಡಿಗೆಗೆ ಒಂದು ಸಿಕ್ಕೀತು. ಮುಹೂರ್ತದ ದಿನ ಪ್ರಿಂಟರ್ ನಿಂತರೆ ಬೂತೇ ನಿಂತಂತೆ.

ಕೊನೆಯದಾಗಿ ಒಂದು ಮಾತು. ಆಷಾಢದಲ್ಲಿ ಮದುವೆಗಳು ಅಪರೂಪ. ಸಾಲದ ಬಡ್ಡಿಗೆ ಮಾತ್ರ ಆಷಾಢವಿಲ್ಲ. ಆದುದರಿಂದ ಮಗನು ಮೊದಲ ನಾಲ್ಕು ಸಮಾರಂಭಗಳನ್ನು ಬಾಡಿಗೆಯ ಸಲಕರಣೆಯಿಂದಲೇ ನಡೆಸಲಿ, ಪ್ರತಿಯೊಂದರ ಲೆಕ್ಕ ಬರೆದಿಡಲಿ. ಉಳಿತಾಯ ಕಂಡುಬಂದರೆ ಷಟರಿನ ಎಣಿಕೆಯನ್ನು ಪರೀಕ್ಷಿಸಿ ಹಳೆಯ ಕ್ಯಾಮೆರಾ ಒಂದನ್ನು ಕೊಳ್ಳಲಿ. ಬಳೆಗಳು ತಾಯಿಯ ಕೈಯಲ್ಲಿಯೇ ಇರಲಿ.